ಅಮ್ಮನ ಜೊತೆ ಊಟೀಲಿ ಒಂದಿನ
ಮಂಡಿನೋವಿರೋ ಅಮ್ಮನ್ನ ಕರ್ಕೊಂಡು ಮೈಸೂರಿಂದ ಊಟಿಗೆ ಹೋದ್ರೆ ಒಂದೇ ದಿನದಲ್ಲಿ ಏನ್ ನೋಡ್ಬೋದು ಅಂತ ಕೇಳಿದ್ರಲ್ಲ ಸರ್, ನನ್ನ ಕೇಳಿದ್ರೆ ದೊಡ್ಡಬೆಟ್ಟ ಬಿಟ್ಬಿಡಿ, ಊಟಿಯಿಂದ ಕೂನೂರಿಗೆ ಟಾಯ್ ಟ್ರೈನ್ ಹತ್ತಿಸಿ. ಸುಮಾರು ಒಂದು ಗಂಟೆ ಕೂತಲ್ಲೇ ಎಲ್ಲಾ ಕಾಣತ್ತೆ, ಲವ್‌ಡೇಲ್ ದಾಟಿದ್ಮೇಲೆ ಕೇತಿ ಕಣಿವೆ ತೆರ್ಕೊಳ್ಳೋದನ್ನ ನೋಡ್ಬೇಕು, ನಮ್ಮಮ್ಮ ಶಾಲು ಹೊದ್ಕೊಂಡು ಕಿಟಕಿ ಬಿಟ್ಟು ಅಲ್ಲಾಡ್ಲೇ ಇಲ್ಲ! ಟಿಕೆಟ್ ಮಾತ್ರ ಮೊದ್ಲೇ ಬುಕ್ ಮಾಡಿ, ಬೇಗ ಖಾಲಿಯಾಗತ್ತೆ. ಬೊಟಾನಿಕಲ್ ಗಾರ್ಡನ್ 1848ರದ್ದು, ಚೆನ್ನಾಗಿದೆ, ಆದ್ರೆ ಮೇಲ್ಮೇಲೆ ಹೋದಂಗೆ ಏರು, ಕೆಳಗಿನ ಹುಲ್ಲುಹಾಸಲ್ಲೇ ಕೂರ್ಸಿ ಸಾಕು. ಫರ್ನ್‌ಹಿಲ್‌ನಲ್ಲಿ ನಮ್ ಕರ್ನಾಟಕದ ತೋಟಗಾರಿಕೆ ಇಲಾಖೆ ಗಾರ್ಡನ್ನೂ ಇದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕಾರಲ್ಲಿ ಹೋದ್ರೆ ಇ-ಪಾಸ್, ಅಂದ್ರೆ ಊಟಿಗೆ ಗಾಡಿ ತಗೊಂಡೋಗೋಕೆ ಆನ್‌ಲೈನಲ್ಲಿ ಮಾಡಿಸೋ ಅನುಮತಿ, ಮರೀಬೇಡಿ, ವಾಪಸ್ ಬರೋವಾಗ ರಾತ್ರಿ 9ಕ್ಕೆ ಬಂಡೀಪುರದ ಗೇಟ್ ಹಾಕ್ತಾರೆ, ಅದಕ್ಕೆ ಸಂಜೆ 5ಕ್ಕೆಲ್ಲಾ ಊಟಿ ಬಿಡಿ.