4294967297ರ ಅಪವರ್ತನಗಳ ಬಗ್ಗೆ

4294967297 ಎಂಬ ಸಂಖ್ಯೆಯನ್ನು 500ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೂ ಶೇಷ ಉಳಿಯುತ್ತಲೇ ಇರುವುದರಿಂದ ಅದನ್ನು ಅವಿಭಾಜ್ಯವೆಂದು ಪರಿಗಣಿಸಬಹುದೇ ಎಂದು ಕೇಳಿದ್ದೀರಿ. ಪರಿಗಣಿಸಲಾಗದು. ಇನ್ನೂ ಸ್ವಲ್ಪ ಮುಂದೆ ಹೋಗಿದ್ದರೆ 641 ಸಿಗುತ್ತಿತ್ತು. ಈ ಸಂಖ್ಯೆಯು 641 ಮತ್ತು 6700417ರ ಗುಣಲಬ್ಧ.

ಇದು 2³²+1, ಅಂದರೆ ಫರ್ಮಾ ಸಂಖ್ಯೆಗಳಲ್ಲಿ ಒಂದು; 2ರ ಘಾತ 1, 2, 4, 8, 16, 32 ಹೀಗೆ ದುಪ್ಪಟ್ಟಾಗುತ್ತಾ ಹೋಗುವಾಗ ಅದಕ್ಕೆ 1 ಕೂಡಿಸಿದರೆ ಸಿಗುವ ಸಂಖ್ಯೆಗಳಿವು. ಇದಕ್ಕೆ ಮೊದಲಿನ 3, 5, 17, 257 ಮತ್ತು 65537 ಅವಿಭಾಜ್ಯಗಳಾಗಿದ್ದರಿಂದ ಮುಂದಿನವೂ ಹಾಗೆಯೇ ಇರುತ್ತವೆಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಸುಳ್ಳೆಂದು ತೋರಿಸಿದರು.

641 ಈ ಸಂಖ್ಯೆಯನ್ನು ಭಾಗಿಸುತ್ತದೆಂಬುದನ್ನು ಭಾಗಾಕಾರ ಮಾಡದೆಯೇ ಸಾಧಿಸಬಹುದು, ಮತ್ತು ಆ ಸಾಧನೆ ನಿಜಕ್ಕೂ ಸುಂದರವಾಗಿದೆ. 641 ಎಂದರೆ 5×2⁷+1 ಆದ್ದರಿಂದ, 641ರಿಂದ ಭಾಗಿಸುವಾಗ ಶೇಷದ ಮಟ್ಟಿಗೆ 5×2⁷ ಅನ್ನು −1 ಎಂದೇ ಎಣಿಸಬಹುದು. ಎರಡೂ ಬದಿಗಳನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ 5⁴×2²⁸ ಎಂಬುದು 1 ಆಗುತ್ತದೆ. ಆದರೆ 641 ಎಂದರೆ 625+16, ಅಂದರೆ 5⁴+2⁴ ಕೂಡ ಹೌದು. ಹಾಗಾಗಿ 5⁴ರ ಜಾಗದಲ್ಲಿ −2⁴ ಇಟ್ಟರೆ −2³² ಎಂಬುದು 1ಕ್ಕೆ ಸಮನಾಗಿ, 2³²+1 ಶೇಷವಿಲ್ಲದೆ ಭಾಗವಾಗುತ್ತದೆ.

ನಿಮ್ಮ ಶ್ರಮವನ್ನು ಬಹಳಷ್ಟು ಉಳಿಸಬಹುದಾದ ನಿಯಮವೊಂದಿದೆ: ಈ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 128ರ ಯಾವುದಾದರೊಂದು ಅಪವರ್ತ್ಯಕ್ಕಿಂತ 1 ಹೆಚ್ಚಾಗಿರಲೇಬೇಕು. ಅಂತಹ ಅವಿಭಾಜ್ಯಗಳಲ್ಲಿ ಮೊದಲನೆಯದು 257, ಎರಡನೆಯದೇ 641. ಉಳಿದ 6700417 ಅವಿಭಾಜ್ಯವಲ್ಲದಿದ್ದರೆ ಅದರ ಒಂದು ಅವಿಭಾಜ್ಯ ಅಪವರ್ತನವಾದರೂ ಅದರ ವರ್ಗಮೂಲದೊಳಗೆ, ಅಂದರೆ ಸುಮಾರು 2588ರೊಳಗೆ, ಇರಬೇಕು. ಅದರೊಳಗೆ ಈ ನಿಯಮಕ್ಕೆ ಹೊಂದುವ ಅವಿಭಾಜ್ಯಗಳು 257, 641, 769, 1153 ಮತ್ತು 1409 ಮಾತ್ರ. ಇವು ಯಾವುವೂ ಅದನ್ನು ಭಾಗಿಸುವುದಿಲ್ಲವಾದ್ದರಿಂದ 6700417 ಅವಿಭಾಜ್ಯವೇ.