ಹಡಗಿನಲ್ಲಿ ಸಮುದ್ರ ಬರೆಯುವ ಚಿತ್ರಕಾರರನ್ನು ಮಾತಾಡಿಸಬಹುದಾ?

ಖಂಡಿತ ಮಾತಾಡಿಸಿ. "ಮುಂದಿನ ತಿಂಗಳು ಮುಂಬೈನಿಂದ ಕ್ರೂಸ್ ಹೊರಟಿದ್ದೇನೆ, ಹುಬ್ಬಳ್ಳಿಯ ಉಣಕಲ್ ಕೆರೆ ಬಿಟ್ಟು ಬೇರೆ ನೀರು ಬರೆದವನಲ್ಲ, ಹಡಗಿನಲ್ಲಿರುವ ಚಿತ್ರಕಾರರ ಹತ್ತಿರ ಏನು ಕೇಳಲಿ" ಎಂದಿದ್ದೀರಿ. ನಾನೂ ಅಲ್ಲೇ ಪಕ್ಕದ ಧಾರವಾಡದವನು. ಅಂಥ ಒಬ್ಬರ ಪಕ್ಕ ಡೆಕ್ ಮೇಲೆ ಒಂದು ಸಂಜೆ ಕೂತಿದ್ದೆ.

ನಿಮ್ಮ ಸ್ಕೆಚ್ ಪುಸ್ತಕ ಒಯ್ಯಿರಿ. ಕೆರೆಯ ಚಿತ್ರ ತೋರಿಸಿದರೆ ಮಾತು ತಾನೇ ಶುರುವಾಗುತ್ತದೆ. ಅವರು ಬ್ರಷ್ ಕೆಳಗಿಟ್ಟ ಮೇಲೆ ಮಾತಾಡಿಸಿ, ಅಷ್ಟೇ.

ಮೊದಲು ದಿಗಂತದ ಬಗ್ಗೆ ಕೇಳಿ. ದಡದಲ್ಲಿ ನಿಂತರೆ ಅದು ಸುಮಾರು 5 ಕಿ.ಮೀ. ದೂರ. 30 ಮೀಟರ್ ಎತ್ತರದ ಡೆಕ್‌ನಿಂದ ಸುಮಾರು 20 ಕಿ.ಮೀ., ಅಂದರೆ ಧಾರವಾಡದಿಂದ ಹುಬ್ಬಳ್ಳಿಯಷ್ಟು! ಅದಕ್ಕೇ ಅಲ್ಲಿಂದ ನೀರು ಅಷ್ಟು ಅಗಲ ಕಾಣುತ್ತದೆ.

ಅಲೆ ನಿಲ್ಲುವುದಿಲ್ಲವಲ್ಲ, ಹೇಗೆ ಬರೆಯುತ್ತೀರಿ ಅಂತಲೂ ಕೇಳಿ. ರಷ್ಯಾದ ಚಿತ್ರಕಾರ ಐವಾಜೋವ್‌ಸ್ಕಿ ಸಮುದ್ರವನ್ನು ನೆನಪಿನಿಂದಲೇ ಬರೆಯುತ್ತಿದ್ದರು. 1850ರ 'ಒಂಬತ್ತನೇ ಅಲೆ' ಅವರದೇ. ನನ್ನ ಪಕ್ಕದಲ್ಲಿದ್ದವರೂ ಹತ್ತು ನಿಮಿಷ ಸುಮ್ನೆ ನೋಡಿ, ಆಮೇಲೆ ತಲೆ ಎತ್ತದೆ ಬರೆದರು. ಆ ಹತ್ತು ನಿಮಿಷ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಜಲವರ್ಣ ಸಾಕು. ತೈಲವರ್ಣಕ್ಕೆ ಬೆರೆಸುವ ಟರ್ಪೆಂಟೈನ್ ಬೇಗ ಬೆಂಕಿ ಹಿಡಿಯುತ್ತದೆ, ಒಯ್ಯಬೇಡಿ. ಕಾಗದ ಹಾರದಂತೆ ಕ್ಲಿಪ್ ಜಾಸ್ತಿ ಇರಲಿ.