ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಬೆಲ್ಲ ಮಾರಲು ಯಾವ ಸಾಮಾಜಿಕ ಜಾಲತಾಣದಿಂದ ಶುರು ಮಾಡಲಿ?

ವಾಟ್ಸ್‌ಆ್ಯಪ್ ಬಿಸಿನೆಸ್‌ನಿಂದ, ಅಂದರೆ ವ್ಯಾಪಾರಿಗಳಿಗೆಂದೇ ಇರುವ ವಾಟ್ಸ್‌ಆ್ಯಪ್‌ನಿಂದ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆಮೇಲೆ ನೋಡಿಕೊಂಡರಾಯಿತು.

ಇನ್‌ಸ್ಟಾಗ್ರಾಂನಲ್ಲಿ ನೀವು ಹಾಕಿದ್ದು ಯಾರ ಕಣ್ಣಿಗೆ ಬೀಳಬೇಕೆಂದು ತೀರ್ಮಾನಿಸುವುದು ಕಂಪನಿಯ ಕಂಪ್ಯೂಟರ್ ಲೆಕ್ಕಾಚಾರ. ಜನ ಪೂರ್ತಿ ನೋಡಿದರೆ, ಇತರರಿಗೆ ಕಳುಹಿಸಿದರೆ ಅದು ಹೆಚ್ಚು ಮಂದಿಗೆ ಹರಡುತ್ತದೆ. ಹೊಸಬರಿಗೆ ಅಷ್ಟು ನೋಡುಗರು ಎಲ್ಲಿಂದ ಬರಬೇಕು? ವಾಟ್ಸ್‌ಆ್ಯಪ್ ಸ್ಟೇಟಸ್ ಆದರೋ ಪರಿಚಯದ ಗಿರಾಕಿಯ ಮೊಬೈಲಿಗೇ ಹೋಗುತ್ತದೆ. ಆದರೆ ಒಂದು ಷರತ್ತಿದೆ, ಬಹಳ ಮಂದಿ ಎಡವುವುದು ಇಲ್ಲೇ: ನಿಮ್ಮ ನಂಬರ್ ಅವರ ಮೊಬೈಲಿನಲ್ಲೂ ಅವರದು ನಿಮ್ಮ ಮೊಬೈಲಿನಲ್ಲೂ ಸೇವ್ ಆಗಿದ್ದರೆ ಮಾತ್ರ ಸ್ಟೇಟಸ್ ಕಾಣುತ್ತದೆ, ಅದೂ 24 ಗಂಟೆ. ಹಾಗಾಗಿ ಬೆಲ್ಲ ತೂಗಿ ಕೊಡುವಾಗಲೇ ಎದುರಿಗೇ ನಂಬರ್ ಸೇವ್ ಮಾಡಿಸಿಬಿಡಿ.

ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ಪಾಕವನ್ನು ಅಚ್ಚಿಗೆ ತುಂಬುವ ಕೈ, ಇಂಥ ಅರ್ಧ ನಿಮಿಷದ ವಿಡಿಯೊ ಸಾಕು. ಶುಭೋದಯದ ಗುಲಾಬಿ ಹೂಗಳು ಮಾತ್ರ ದಯವಿಟ್ಟು ಬೇಡ. ಅಚ್ಚು ಬೆಲ್ಲ, ಪುಡಿ ಬೆಲ್ಲದ ಫೋಟೊ ಮತ್ತು ದರವನ್ನು ಆ್ಯಪ್‌ನಲ್ಲೇ ಇರುವ ಸರಕಿನ ಪಟ್ಟಿಗೆ, ಅಂದರೆ ಕೆಟಲಾಗ್‌ಗೆ ಸೇರಿಸಿ. ಪದೇಪದೇ ದರ ಹೇಳುವ ತಾಪತ್ರಯ ತಪ್ಪುತ್ತದೆ.

ನಿಮ್ಮ ವಾಟ್ಸ್‌ಆ್ಯಪ್ ಖಾತೆ ಬೇರೆಯವರ ಕೈಸೇರದಂತೆ ಎರಡು ಹಂತದ ಪರಿಶೀಲನೆಯ 6 ಅಂಕಿಯ ಪಿನ್ ಅನ್ನು ಮೊದಲ ದಿನವೇ ಹಾಕಿಕೊಳ್ಳಿ. ಮೊಬೈಲಿಗೆ ಬಂದ ಒಟಿಪಿಯನ್ನು ಯಾರು ಕೇಳಿದರೂ ಕೊಡಬೇಡಿ.